ಚಂದ್ರನ ರುಚಿ ನೋಡಿದವನ ಪರವಾಗಿ



ಈ ಸಲದ ಬರಹ ಹಳೆಯ ನೆನಪುಗಳದ್ದಲ್ಲ, ಜಗಳದ್ದು. ಶಾಂತ ಸ್ವಭಾವದ ಮೇಷ್ಟ್ರು ಎಂದು ನನ್ನನ್ನು ಕರೆಯುತ್ತಿದ್ದವರು ಸ್ವಲ್ಪ ಸಾವರಿಸಿಕೊಂಡು ಓದಬೇಕಾಗಿ ವಿನಂತಿ.

ವಿಷಯ ಇಷ್ಟು. ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಮಕ್ಕಳಿಗೆ ತೋರಿಸಲು ಯೋಗ್ಯವಾದ ಒಂದು ಚಲನಚಿತ್ರವನ್ನು ಸೂಚಿಸಿ ಎಂದು ಒಂದು ಪ್ರೌಢಶಾಲೆಯವರು ನನ್ನನ್ನು ಕೇಳಿದ್ದರು. ನಾನು ಇಂಗ್ಲೆಂಡಿನ ನಿಕ್ ಪಾರ್ಕ್ ಎಂಬಾತ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿ 1989ರಲ್ಲಿ ಪೂರೈಸಿದ ‘ಎ ಗ್ರ್ಯಾಂಡ್ ಡೇ ಔಟ್’ ಎಂಬ ಇಪ್ಪತ್ತಮೂರು ನಿಮಿಷಗಳ ಕಿರುಚಿತ್ರವನ್ನು ಸೂಚಿಸಿದೆ. ಸಮಿತಿಯವರು ನೋಡಿದರು, ನಕ್ಕರು, ಆಮೇಲೆ ಬಹಳ ವಿನಯದಿಂದ ತಿರಸ್ಕರಿಸಿದರು. ಅವರಲ್ಲೊಬ್ಬರು ನನ್ನ ವಿದ್ಯಾರ್ಥಿಯೇ. “ಸಾರ್, ಮಜವಾಗೇನೋ ಇದೆ. ಆದ್ರೆ ಇದ್ರಲ್ಲಿ ಸೈನ್ಸೇ ಇಲ್ವಲ್ಲ ಸಾರ್” ಎಂದರು. ಅವರು ಮುಂದಿಟ್ಟ ಕಾರಣಗಳು ಮೂರು. ಒಂದು, ಚಿತ್ರದಲ್ಲಿರುವ ವಿಜ್ಞಾನ ಸುಳ್ಳು. ಎರಡು, ಅದರ ನಾಯಕ ಪೆದ್ದ, ಮಕ್ಕಳಿಗೆ ಆದರ್ಶನಾಗಲಾರ. ಮೂರು, ಅದರಿಂದ ಪರೀಕ್ಷೆಗಾಗಲಿ ಸ್ಪರ್ಧೆಗಾಗಲಿ ಯಾವ ಪ್ರಯೋಜನವೂ ಇಲ್ಲ.

ಈ ಮೂರೂ ಕಾರಣಗಳು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ತಪ್ಪಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮ ಶಾಲೆಗಳಲ್ಲಿ ವಿಜ್ಞಾನವನ್ನು ಕೊಲ್ಲುತ್ತಿರುವ ರೋಗದ ಲಕ್ಷಣಗಳು ಇವೇ ಆದುದರಿಂದ ಬರೆಯುತ್ತಿದ್ದೇನೆ.

ಮೊದಲು ಕಥೆ

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ವ್ಯಾಲೇಸ್ ಎಂಬ ಬೋಳುತಲೆಯ ಮಧ್ಯವಯಸ್ಕ, ಗ್ರೋಮಿಟ್ ಎಂಬ ಅವನ ನಾಯಿ. ರಜೆಯ ದಿನ. ಎಲ್ಲಿಗೆ ಹೋಗೋಣ ಎಂದು ಪುಸ್ತಕಗಳನ್ನು ತಿರುವಿ ಹಾಕುತ್ತಿದ್ದಾರೆ. ತಿನ್ನಲು ನೋಡಿದರೆ ಮನೆಯಲ್ಲಿ ಚೀಸ್ ಮುಗಿದಿದೆ. ಹಾಗಾದರೆ ಚೀಸ್ ಸಿಗುವ ಕಡೆಗೇ ಪ್ರವಾಸ ಹೋಗೋಣವೆಂದು ವ್ಯಾಲೇಸ್ ನಿಶ್ಚಯಿಸುತ್ತಾನೆ. ಕಿಟಕಿಯಲ್ಲಿ ಚಂದ್ರ ಕಾಣುತ್ತಾನೆ. ಚಂದ್ರ ಚೀಸಿನಿಂದ ಆದವನೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯಲ್ಲವೇ! ಸರಿ, ಮನೆಯ ನೆಲಮಾಳಿಗೆಯಲ್ಲಿ ಗರಗಸ, ಸುತ್ತಿಗೆ ಹಿಡಿದು ಇಬ್ಬರೂ ಒಂದು ರಾಕೆಟ್ ಕಟ್ಟುತ್ತಾರೆ. ಬತ್ತಿಗೆ ಬೆಂಕಿ ಹಚ್ಚಿದ ಮೇಲೆ ಬಿಸ್ಕತ್ತು ಮರೆತದ್ದು ನೆನಪಾಗಿ ವ್ಯಾಲೇಸ್ ಅಡುಗೆಮನೆಗೆ ಓಡುತ್ತಾನೆ. ಕೊನೆಗೂ ಹೊರಡುವಾಗ ರಾಕೆಟ್ ಮೇಲೇಳುವುದಿಲ್ಲ; ಹ್ಯಾಂಡ್‌ಬ್ರೇಕ್ ಬಿಟ್ಟಿರಲಿಲ್ಲ! ನೆಲಮಾಳಿಗೆಯ ಇಲಿಗಳು ಕಪ್ಪುಕನ್ನಡಕ ಧರಿಸಿ ಈ ಉಡಾವಣೆಯನ್ನು ವೀಕ್ಷಿಸುತ್ತವೆ.

ಚಂದ್ರನ ಮೇಲೆ ಹೊದಿಕೆ ಹಾಸಿ, ಚಾಕುವಿನಿಂದ ನೆಲದ ಒಂದು ಹೋಳು ಕತ್ತರಿಸಿ, ವ್ಯಾಲೇಸ್ ಬಾಯಿಗಿಟ್ಟುಕೊಳ್ಳುತ್ತಾನೆ. ಅಲ್ಲಿ ನಾಣ್ಯ ಹಾಕಿದರೆ ಮಾತ್ರ ಚಲಿಸುವ, ಅಡುಗೆ ಒಲೆಯಂತಿರುವ ಒಂದು ಯಂತ್ರವಿದೆ. ಚಂದ್ರನನ್ನು ಕಾಯುವುದು ಅದರ ಉದ್ಯೋಗ. ಕತ್ತರಿಸಿದ ತುಂಡನ್ನು ಅದು ಮತ್ತೆ ಅಂಟಿಸುತ್ತದೆ. ರಾಕೆಟ್ಟಿಗೆ ದಂಡದ ಚೀಟಿಯನ್ನೂ ಅಂಟಿಸುತ್ತದೆ. ಆದರೆ ಪ್ರವಾಸಿಗಳು ಬಿಟ್ಟುಹೋದ ಪತ್ರಿಕೆಯೊಂದರಲ್ಲಿ ಹಿಮದ ಮೇಲೆ ಜಾರುವವರ ಚಿತ್ರ ನೋಡಿ ಅದಕ್ಕೂ ಒಂದು ಕನಸು ಹುಟ್ಟುತ್ತದೆ. ಭೂಮಿಗೆ ಹೋಗಿ ತಾನೂ ಹಾಗೆ ಜಾರಬೇಕೆಂದು ರಾಕೆಟ್ಟಿನೊಳಗೆ ನುಗ್ಗುತ್ತದೆ, ಕಡ್ಡಿ ಗೀರಿ ಸ್ಫೋಟವಾಗಿ ಹೊರಗೆ ಬೀಳುತ್ತದೆ. ರಾಕೆಟ್ ಹೊರಟೇಹೋಗುತ್ತದೆ. ಒಂಟಿಯಾಗಿ ಉಳಿದ ಯಂತ್ರ ತನ್ನ ಕೈಯಲ್ಲುಳಿದ ರಾಕೆಟ್ಟಿನ ತಗಡಿನ ಪಟ್ಟಿಗಳನ್ನೇ ಬಗ್ಗಿಸಿ ಜಾರುಹಲಗೆ ಮಾಡಿಕೊಂಡು, ಚಂದ್ರನ ದಿಬ್ಬಗಳ ಮೇಲೆ ಜಾರುತ್ತ, ದೂರ ಹೋಗುತ್ತಿರುವ ಅತಿಥಿಗಳಿಗೆ ಕೈ ಬೀಸುತ್ತದೆ. ಇಲ್ಲಿಗೆ ಕಥೆ ಮುಗಿಯಿತು.

“ವಿಜ್ಞಾನವೇ ಸುಳ್ಳು”

ಈಗ ಮೊದಲ ಆಕ್ಷೇಪ. ಚಂದ್ರನಲ್ಲಿ ಚೀಸ್ ಇಲ್ಲ, ಗಾಳಿಯೂ ಇಲ್ಲ. ಭೂಮಿಯನ್ನು ಬಿಟ್ಟು ಹೋಗಲು ಸೆಕೆಂಡಿಗೆ ಸುಮಾರು 11.2 ಕಿಲೋಮೀಟರ್ ವೇಗ ಬೇಕು. ಬತ್ತಿಗೆ ಬೆಂಕಿ ಹಚ್ಚಿದರೆ ಅದು ಬರುವುದಿಲ್ಲ. ಸರಾಸರಿ 3,84,400 ಕಿಲೋಮೀಟರ್ ದೂರವನ್ನು ಪತ್ರಿಕೆ ಓದುತ್ತ ಕ್ರಮಿಸಲಾಗದು. ಇವೆಲ್ಲವೂ ನಿಜ. ಆದರೆ ಇವನ್ನು ನನಗೆ ಹೇಳಬೇಕೇ? ಏಳನೆಯ ತರಗತಿಯ ಮಗುವಿಗೆ ಹೇಳಬೇಕೇ? ಚಂದ್ರ ಚೀಸಿನವನೆಂಬುದು ಇಂಗ್ಲಿಷರ ಹಳೆಯ ಗಾದೆ. 1546ರಲ್ಲಿ ಜಾನ್ ಹೇವುಡ್ ಪ್ರಕಟಿಸಿದ ಗಾದೆಗಳ ಸಂಗ್ರಹದಲ್ಲಿಯೇ ಅದು ಇದೆ. ನಮ್ಮ ಅಜ್ಜಿಯರು ಚಂದ್ರನಲ್ಲಿ ಮೊಲವನ್ನು ತೋರಿಸಿ ತುತ್ತು ಉಣಿಸಿದರು. ಆ ಮೊಲವನ್ನು ನಂಬಿ ಯಾವ ಮಗುವೂ ಭೌತಶಾಸ್ತ್ರದಲ್ಲಿ ನಪಾಸಾದದ್ದನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ.

ನಾನು ಕೇಳುವುದು ಬೇರೆ. ಗಾದೆಯನ್ನು ನಂಬಿದ ವ್ಯಾಲೇಸ್ ಮುಂದೆ ಏನು ಮಾಡಿದ? ಸಭೆ ಸೇರಿಸಿ ಭಾಷಣ ಮಾಡಿದನೇ? ನಮ್ಮ ಪೂರ್ವಜರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ಎದೆ ಉಬ್ಬಿಸಿದನೇ? ಇಲ್ಲ. ಅಲ್ಲಿಗೆ ಹೋಗಿ ನೋಡುವ ಉಪಾಯ ಹುಡುಕಿದ, ಹೋದ, ಒಂದು ಹೋಳು ಕತ್ತರಿಸಿ ನಾಲಗೆಯ ಮೇಲಿಟ್ಟ. ತನಗೆ ಗೊತ್ತಿರುವ ಚೀಸುಗಳ ಹೆಸರನ್ನು ಒಂದೊಂದಾಗಿ ನೆನಪಿಸಿಕೊಂಡು ಹೋಲಿಸಿದ. ಇದು ತಾನು ತಿಂದ ಯಾವ ಚೀಸಿನಂತೆಯೂ ಇಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಆಮೇಲೆ ಇನ್ನೊಂದು ಜಾಗದಲ್ಲಿ ಕತ್ತರಿಸಿ ನೋಡೋಣವೆಂದು ಹೊರಟ. ಊಹೆ, ಪ್ರಯೋಗ, ಹೋಲಿಕೆ, ನಿರೀಕ್ಷೆಗೆ ಹೊಂದದ ಫಲಿತಾಂಶದ ಒಪ್ಪಿಗೆ, ಮತ್ತೊಂದು ಮಾದರಿಯ ಪರೀಕ್ಷೆ: ಇದು ವೈಜ್ಞಾನಿಕ ವಿಧಾನವಲ್ಲದಿದ್ದರೆ ನಾನು ಬಿ.ಎಡ್. ಪದವಿಯನ್ನು ಹಿಂದಿರುಗಿಸಲು ಸಿದ್ಧನಿದ್ದೇನೆ.

ನಿಜವಾಗಿ ಚಂದ್ರನಿಗೆ ಹೋದವರು ಮಾಡಿದ್ದೇನು? 1969ರಿಂದ 1972ರವರೆಗೆ ಆರು ಸಲ ಇಳಿದ ಅಪೊಲೊ ಯಾತ್ರಿಗಳು ಸುಮಾರು 382 ಕಿಲೋಗ್ರಾಂ ಕಲ್ಲುಮಣ್ಣುಗಳನ್ನು ಹೊತ್ತು ತಂದರು. ಆ ಕಲ್ಲುಗಳಲ್ಲಿ ಶಬ್ದತರಂಗದ ವೇಗ ಭೂಮಿಯ ಕಲ್ಲುಗಳಲ್ಲಿರುವುದಕ್ಕಿಂತ ಬಹಳ ಕಡಿಮೆಯಿತ್ತು. 1970ರಲ್ಲಿ ‘ಸೈನ್ಸ್’ ಎಂಬ ಪ್ರತಿಷ್ಠಿತ ಪತ್ರಿಕೆಯಲ್ಲಿ ಶ್ರೈಬರ್ ಮತ್ತು ಆ್ಯಂಡರ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಈ ವೇಗಗಳನ್ನು ಬೇರೆ ಬೇರೆ ಚೀಸುಗಳಲ್ಲಿನ ಶಬ್ದವೇಗದೊಡನೆ ಹೋಲಿಸಿ, ಅವು ಹತ್ತಿರ ಹತ್ತಿರ ಇವೆಯೆಂದು ಪಟ್ಟಿ ಮಾಡಿ ಪ್ರಕಟಿಸಿದರು! ಅದು ವಿನೋದವೇ. ಆದರೆ ಮಾಪನ ವಿನೋದವಲ್ಲ. ಆ ಕಲ್ಲುಗಳು ಬಿರುಕುಗಳಿಂದ ತುಂಬಿರುವುದು ಕಡಿಮೆ ವೇಗಕ್ಕೆ ಮುಖ್ಯ ಕಾರಣ. ವಿಜ್ಞಾನಿಗಳಿಗೆ ನಗು ಬರುತ್ತದೆ. ನಗಲು ಹೆದರುವವರು ನಮ್ಮ ಸಮಿತಿಗಳವರು ಮಾತ್ರ.

ಇನ್ನು ನಮ್ಮ ಬೆಂಗಳೂರಿನ ಮಾತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ನೀವೆಲ್ಲ ದೂರದರ್ಶನದ ಮುಂದೆ ಕುಳಿತು ಚಪ್ಪಾಳೆ ತಟ್ಟಿದಿರಿ, ನಾನೂ ತಟ್ಟಿದೆ. ಅದರ ಪ್ರಜ್ಞಾನ್ ಎಂಬ ಪುಟ್ಟ ಗಾಡಿಯಲ್ಲಿ ಲೇಸರ್ ಉಪಕರಣವೊಂದಿತ್ತು. ಇಸ್ರೋದ ಬೆಂಗಳೂರಿನ ಪ್ರಯೋಗಾಲಯದಲ್ಲಿ ಸಿದ್ಧವಾದದ್ದು ಅದು. ಚಂದ್ರನ ಮಣ್ಣಿನ ಒಂದು ಚೂರನ್ನು ಲೇಸರಿನಿಂದ ಆವಿ ಮಾಡಿ, ಆಗ ಹೊಮ್ಮುವ ಬೆಳಕನ್ನು ನೋಡಿ, ಅದರಲ್ಲಿ ಯಾವ ಧಾತುಗಳಿವೆಯೆಂದು ಅದು ಹೇಳುತ್ತಿತ್ತು. ದಕ್ಷಿಣಧ್ರುವದ ಬಳಿಯ ಮಣ್ಣಿನಲ್ಲಿ ಗಂಧಕವಿದೆಯೆಂದು ಖಚಿತಪಡಿಸಿದ್ದು ಹೀಗೆ. ಇದು ಚಂದ್ರನ ರುಚಿ ನೋಡುವುದಲ್ಲದೆ ಮತ್ತೇನು? ವ್ಯಾಲೇಸನ ನಾಲಗೆಗೂ ಪ್ರಜ್ಞಾನದ ಲೇಸರಿಗೂ ಉಪಕರಣದಲ್ಲಿ ಅಜಗಜಾಂತರವಿದೆ, ಒಪ್ಪಿದೆ. ಇಬ್ಬರ ಕುತೂಹಲ ಮಾತ್ರ ಒಂದೇ.

ಸುಳ್ಳನ್ನು ಸುಳ್ಳೆಂದು ಹೇಳಿಯೇ ತೋರಿಸುವ ಕಥೆಯಿಂದ ಮಕ್ಕಳಿಗೆ ಅಪಾಯವಿಲ್ಲ. ಗಂಭೀರ ಧ್ವನಿಯಲ್ಲಿ, ಹಿನ್ನೆಲೆ ಸಂಗೀತದೊಡನೆ, ‘ವಿಜ್ಞಾನಿಗಳೇ ಬೆರಗಾದರು’ ಎಂದು ಆರಂಭವಾಗುವ ವಿಡಿಯೋಗಳನ್ನು ನೀವು ದಿನವೂ ಮೊಬೈಲಿನಲ್ಲಿ ನನಗೆ ಕಳುಹಿಸುತ್ತೀರಲ್ಲ, ಅಪಾಯವಿರುವುದು ಅಲ್ಲಿ. ಅವುಗಳಲ್ಲಿ ಯಾರೂ ಒಂದು ಹೋಳನ್ನೂ ಕತ್ತರಿಸಿ ನೋಡುವುದಿಲ್ಲ.

“ನಾಯಕ ಪೆದ್ದ”

ಎರಡನೆಯ ಆಕ್ಷೇಪ: ವ್ಯಾಲೇಸ್ ಪೆದ್ದ, ಪದವಿಯಿಲ್ಲದವನು, ಹ್ಯಾಂಡ್‌ಬ್ರೇಕ್ ಮರೆಯುವವನು. ಮಕ್ಕಳಿಗೆ ಸಾಧಕರನ್ನು ತೋರಿಸಬೇಕೇ ಹೊರತು ಹವ್ಯಾಸಿಗಳನ್ನಲ್ಲ ಎಂದರು.

ಕನ್ನಡದಲ್ಲಿ ‘ಹವ್ಯಾಸಿ’ ಎಂಬ ಮಾತಿಗೆ ಅಗೌರವ ಯಾವಾಗ ಬಂತೋ ತಿಳಿಯದು. ನಮ್ಮ ಹವ್ಯಾಸಿ ರಂಗಭೂಮಿಯನ್ನು ನೆನೆಯಿರಿ. ಕೈಲಾಸಂ ಅವರು ಓದಿದ್ದು ಭೂವಿಜ್ಞಾನ, ನೌಕರಿ ಮಾಡಿದ್ದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ. ಕನ್ನಡ ನಾಟಕದ ದಿಕ್ಕು ಬದಲಿಸಿದ್ದು ಹವ್ಯಾಸದಿಂದ. ಪ್ರೀತಿಗಾಗಿ ಮಾಡುವವನೇ ಹವ್ಯಾಸಿ. ಇಂಗ್ಲಿಷಿನ ‘ಅಮೆಚೂರ್’ ಎಂಬ ಪದದ ಮೂಲದಲ್ಲಿರುವುದೂ ಪ್ರೀತಿಸುವವನು ಎಂಬ ಅರ್ಥವೇ.

ವಿಜ್ಞಾನ ದಿನದ ಸಮಿತಿಯವರು ಹವ್ಯಾಸಿಯನ್ನು ಹೊರಗಟ್ಟುವಾಗ, ಅದು ಯಾರ ದಿನವೆಂಬುದನ್ನಾದರೂ ನೆನೆಯಬೇಕಿತ್ತು. ಸಿ.ವಿ. ರಾಮನ್ 1907ರಲ್ಲಿ ಸೇರಿದ್ದು ಸರಕಾರದ ಹಣಕಾಸು ಇಲಾಖೆಗೆ. ಹತ್ತು ವರ್ಷ ಅವರು ಲೆಕ್ಕಪತ್ರದ ಅಧಿಕಾರಿ. ಕಚೇರಿಗೆ ಮುಂಚೆ ಬೆಳಗಿನ ಹೊತ್ತು, ಕಚೇರಿ ಮುಗಿದ ಮೇಲೆ ಸಂಜೆಯ ಹೊತ್ತು ಕಲ್ಕತ್ತೆಯ ಬೌಬಜಾರಿನ ಪ್ರಯೋಗಾಲಯಕ್ಕೆ ಹೋಗಿ ಸಂಬಳವಿಲ್ಲದೆ ಸಂಶೋಧನೆ ಮಾಡುತ್ತಿದ್ದರು. ಪ್ರಾಧ್ಯಾಪಕರಾದದ್ದು 1917ರಲ್ಲಿ. 1928ರ ಫೆಬ್ರುವರಿ 28ರ ಆ ಫಲಿತಾಂಶದ ಬೇರು ಇರುವುದು ಆ ಹವ್ಯಾಸದ ವರ್ಷಗಳಲ್ಲಿ.

ಇನ್ನೊಬ್ಬರನ್ನು ಹೇಳುತ್ತೇನೆ. ವಿಲಿಯಂ ಹರ್ಷೆಲ್ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಸಂಗೀತದ ಮೇಷ್ಟ್ರು, ಚರ್ಚಿನಲ್ಲಿ ಆರ್ಗನ್ ವಾದಕ. 1781ರ ಮಾರ್ಚ್ 13ರಂದು ತಾನೇ ಕನ್ನಡಿ ಉಜ್ಜಿ ಮಾಡಿದ ದೂರದರ್ಶಕದಿಂದ ಮನೆಯ ಹಿತ್ತಲಲ್ಲಿ ನಿಂತು ಯುರೇನಸ್ ಗ್ರಹವನ್ನು ಕಂಡ. ಅದೇ ವರ್ಷ ಇನ್ನೂ ದೊಡ್ಡ ಕನ್ನಡಿ ಬೇಕೆಂದು ಮನೆಯ ನೆಲಮಾಳಿಗೆಯಲ್ಲಿ, ಹೌದು, ನೆಲಮಾಳಿಗೆಯಲ್ಲಿ, ಕುದುರೆಲದ್ದಿಯಿಂದ ಅಚ್ಚು ಮಾಡಿ ಲೋಹ ಕರಗಿಸಿ ಎರಕ ಹೊಯ್ಯಲು ಹೊರಟ. ಲೋಹ ಸೋರಿ ನೆಲದ ಮೇಲೆ ಹರಿದು, ಹಾಸುಗಲ್ಲುಗಳು ಸಿಡಿದು, ಎಲ್ಲರೂ ಪ್ರಾಣ ಉಳಿಸಿಕೊಳ್ಳಲು ಓಡಿದರು. ಈ ಪ್ರಸಂಗವನ್ನು ಕಿರುಚಿತ್ರ ಮಾಡಿ ತೋರಿಸಿದರೆ ನಮ್ಮ ಸಮಿತಿಯವರು ಹರ್ಷೆಲನನ್ನೂ ಪೆದ್ದನೆಂದು ತಿರಸ್ಕರಿಸುತ್ತಿದ್ದರು.

ಹರ್ಷೆಲನ ತಂಗಿ ಕ್ಯಾರೊಲಿನ್ ಅಣ್ಣನಿಗೆ ಕೈತುತ್ತು ಹಾಕುತ್ತಿದ್ದಳು. ಕನ್ನಡಿ ಉಜ್ಜುವಾಗ ಹದಿನಾರು ಗಂಟೆ ಕೈ ತೆಗೆಯದೆ ಆತ ನಿಂತದ್ದುಂಟು. ಟಿಪ್ಪಣಿ ಬರೆದವಳು, ಲೆಕ್ಕ ಮಾಡಿದವಳು ಅವಳೇ. ಮುಂದೆ ಸ್ವತಃ ಎಂಟು ಧೂಮಕೇತುಗಳನ್ನು ಕಂಡಳು. 1787ರಿಂದ ದೊರೆಯ ಕಡೆಯಿಂದ ವರ್ಷಕ್ಕೆ 50 ಪೌಂಡ್ ವೇತನ ಪಡೆದಳು. ಹೊಗಳಿಕೆ ಯಾವಾಗಲೂ ಮುಂದೆ ನಿಂತವನಿಗೆ ಸಲ್ಲುತ್ತದೆ. ಕೆಲಸ ನಡೆಯುವುದು ಪಕ್ಕದಲ್ಲಿರುವವರ ಕೈಯಿಂದ. ನಮ್ಮ ಚಿತ್ರದಲ್ಲಿ ಆ ಸ್ಥಾನ ಗ್ರೋಮಿಟ್‌ನದು. ಯಜಮಾನ ಹಲಗೆ ಕೊಯ್ಯುವಾಗ ಅದರಡಿಯಲ್ಲಿ ಆಧಾರವಾಗಿ ಬೆನ್ನು ಕೊಟ್ಟು ನಿಲ್ಲುವವನು ಅವನೇ, ಬ್ರೇಕ್ ಬಿಡುವವನೂ ಅವನೇ. ಚಿತ್ರದುದ್ದಕ್ಕೂ ಒಂದು ಮಾತನ್ನೂ ಆಡುವುದಿಲ್ಲ. ಮೊದಲು ಅವನಿಗೂ ಧ್ವನಿ ಕೊಡುವ ಆಲೋಚನೆ ನಿಕ್ ಪಾರ್ಕ್‌ಗೆ ಇತ್ತಂತೆ. ಹುಬ್ಬನ್ನು ಸ್ವಲ್ಪ ಕದಲಿಸಿದರೆ ಎಲ್ಲವೂ ತಿಳಿಯುತ್ತದೆಂದು ಕೆಲಸ ಮಾಡುತ್ತ ಮಾಡುತ್ತ ಕಂಡುಕೊಂಡ. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು, ಕೈ ಎತ್ತದೆ, ಪ್ರಯೋಗದ ಹೊತ್ತಿಗೆ ಮಾತ್ರ ಎದ್ದು ಬಂದು ಸರ್ಕ್ಯೂಟ್ ಸರಿಮಾಡಿ ಹೋಗುತ್ತಿದ್ದ ಹುಡುಗ ಹುಡುಗಿಯರನ್ನು ನಾನು ಬಲ್ಲೆ. ನಿಮ್ಮಲ್ಲಿಯೇ ಕೆಲವರು ಇದನ್ನು ಓದುತ್ತಿದ್ದೀರಿ. ಅಂಥವರು ತೆರೆಯ ಮೇಲೆ ತಮ್ಮನ್ನು ತಾವು ನೋಡಿಕೊಳ್ಳಬೇಡವೇ?

“ಇದರಿಂದ ಪ್ರಯೋಜನವೇನು?”

ಮೂರನೆಯದು ಪ್ರಯೋಜನದ ಪ್ರಶ್ನೆ. ಇದಕ್ಕೆ ಸುಲಭವಾದ ಒಂದು ಉತ್ತರವಿದೆ. ಈ ಚಿತ್ರಗಳಲ್ಲಿ ವ್ಯಾಲೇಸ್ ಬಾಯಲ್ಲಿ ಬರುವ ವೆನ್ಸ್‌ಲಿಡೇಲ್ ಎಂಬ ಚೀಸಿಗೆ ಆಮೇಲೆ ಬೇಡಿಕೆ ಹೆಚ್ಚಿ, ಕಷ್ಟದಲ್ಲಿದ್ದ ಆ ಕಣಿವೆಯ ಉದ್ಯಮಕ್ಕೆ ಉಸಿರು ಬಂತು. ನಿಕ್ ಪಾರ್ಕ್ ನಂತರ ಮಾಡಿದ ‘ದಿ ರಾಂಗ್ ಟ್ರೌಸರ್ಸ್’ (1993), ‘ಎ ಕ್ಲೋಸ್ ಶೇವ್’ (1995) ಎಂಬ ಕಿರುಚಿತ್ರಗಳಿಗೆ ಆಸ್ಕರ್ ಪ್ರಶಸ್ತಿಯೂ ಬಂತು. ಆದರೆ ಈ ಉತ್ತರವನ್ನು ನಾನು ನೆಚ್ಚುವುದಿಲ್ಲ. ಗೆದ್ದಮೇಲೆ ಎಲ್ಲರೂ ಪ್ರಯೋಜನ ಕಾಣುತ್ತಾರೆ. ಗೆಲ್ಲುವ ಮುಂಚೆ ಏನಿತ್ತೆಂಬುದನ್ನು ನೋಡೋಣ.

1982ರಲ್ಲಿ ರಾಷ್ಟ್ರೀಯ ಚಲನಚಿತ್ರ ಶಾಲೆಯಲ್ಲಿ ಪದವಿಗಾಗಿ ಶುರುಮಾಡಿದ ಚಿತ್ರವಿದು. ಹಣವಿಲ್ಲ, ತಂಡವಿಲ್ಲ. ವ್ಯಾಲೇಸನ ಮಾತಿಗೆ ಪೀಟರ್ ಸ್ಯಾಲಿಸ್ ಎಂಬ ಹಿರಿಯ ನಟರನ್ನು ಕೇಳಿದಾಗ ಅವರು 50 ಪೌಂಡಿಗೆ ಒಪ್ಪಿ, ಧ್ವನಿ ಕೊಟ್ಟು ಹೋದರು. ಚಿತ್ರ ಮುಗಿಯಿತೆಂದು ಹುಡುಗ ಅವರಿಗೆ ತಿಳಿಸಿದ್ದು ಹಲವು ವರ್ಷಗಳ ನಂತರ! ಜೇಡಿಯಂಥ ಪ್ಲಾಸ್ಟಿಸೀನ್ ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಕದಲಿಸುವುದು. ನಮ್ಮ ಹಳೆಯ ಅಭ್ಯಾಸದಂತೆ ಲೆಕ್ಕ ಮಾಡೋಣ. ಸೆಕೆಂಡಿಗೆ 24 ಚೌಕಟ್ಟು. 23 ನಿಮಿಷಕ್ಕೆ 1,380 ಸೆಕೆಂಡು. ಗುಣಿಸಿದರೆ 33,120 ಚೌಕಟ್ಟು. ಎರಡು ಚೌಕಟ್ಟಿಗೊಮ್ಮೆ ಕದಲಿಸಿದರೂ ಹದಿನಾರು ಸಾವಿರದ ಐನೂರು ಸಲ ಗೊಂಬೆಯನ್ನು ಮುಟ್ಟಬೇಕು. 1985ರಲ್ಲಿ ಬ್ರಿಸ್ಟಲಿನ ಆರ್ಡ್‌ಮನ್ ಸಂಸ್ಥೆ ಅವನಿಗೆ ಕೆಲಸ ಕೊಟ್ಟು, ಜೊತೆಜೊತೆಗೆ ಈ ಚಿತ್ರವನ್ನೂ ಮುಗಿಸಲು ಅವಕಾಶ ಮಾಡಿಕೊಟ್ಟಿತು. ಮುಗಿದದ್ದು 1989ರಲ್ಲಿ. ಏಳು ವರ್ಷಗಳ ದುಡಿಮೆಯಿಂದ ಇಪ್ಪತ್ತಮೂರು ನಿಮಿಷ! ಯಾವ ಪರೀಕ್ಷಾ ಮಂಡಳಿ ಇದಕ್ಕೆ ಕಾಯುತ್ತದೆ? ಯಾವ ತಂದೆ ಇದಕ್ಕೆ ಒಪ್ಪುತ್ತಾನೆ? ಅಂದಮೇಲೆ ನೆಲಮಾಳಿಗೆಯಲ್ಲಿ ಚಂದ್ರನೌಕೆ ಕಟ್ಟಿದ ಹವ್ಯಾಸಿ ತೆರೆಯ ಮೇಲೆ ಮಾತ್ರ ಇರಲಿಲ್ಲ, ಕ್ಯಾಮೆರಾದ ಹಿಂದೆಯೂ ಒಬ್ಬನಿದ್ದ.

ಆ ಪ್ಲಾಸ್ಟಿಸೀನ್ ಬಂದದ್ದಾದರೂ ಎಲ್ಲಿಂದ? ಇದನ್ನು ಬರೆಯುವಾಗ ನನಗೆ ಸ್ವಲ್ಪ ಹೆಮ್ಮೆಯೆನಿಸುತ್ತದೆ. ಹರ್ಷೆಲನ ಅದೇ ಬಾತ್ ಪಟ್ಟಣದಲ್ಲಿ ವಿಲಿಯಂ ಹಾರ್ಬಟ್ ಎಂಬ ಚಿತ್ರಕಲಾ ಶಿಕ್ಷಕನಿದ್ದ. ಮೂರ್ತಿ ಮಾಡಲು ಕಲಿಯುವ ತನ್ನ ವಿದ್ಯಾರ್ಥಿಗಳ ಜೇಡಿ ಬೇಗ ಒಣಗಿ ಬಿರಿಯುತ್ತಿತ್ತು. ಒಣಗದ ಜೇಡಿಯೊಂದು ಬೇಕೆಂದು 1897ರಲ್ಲಿ ಆತ ಪ್ಲಾಸ್ಟಿಸೀನನ್ನು ಕಂಡುಹಿಡಿದ. ತರಗತಿಯೊಂದರ ಸಣ್ಣ ತೊಂದರೆಗೆ ಮೇಷ್ಟ್ರೊಬ್ಬ ಹುಡುಕಿಕೊಂಡ ಪರಿಹಾರ ಅದು. ತೊಂಬತ್ತು ವರ್ಷಗಳ ನಂತರ ಅದೇ ಜೇಡಿಯಿಂದ ಒಬ್ಬ ವಿದ್ಯಾರ್ಥಿ ವ್ಯಾಲೇಸನನ್ನೂ ಗ್ರೋಮಿಟ್‌ನನ್ನೂ ಮಾಡಿದ. 1897ರಲ್ಲಿ ಸಮಿತಿಯೊಂದು ಹಾರ್ಬಟ್‌ನನ್ನು ಕೂರಿಸಿ ‘ಇದರಿಂದ ಪ್ರಯೋಜನವೇನು’ ಎಂದು ಕೇಳಿದ್ದರೆ, ಆತ ಏನು ಹೇಳಬಹುದಿತ್ತು? ಮಕ್ಕಳ ಕೈಗೆ ಅನುಕೂಲ ಎಂದಷ್ಟೆ. ನನಗೆ ಅಷ್ಟು ಸಾಕು.

ನಾಣ್ಯ ಹಾಕಿದರೆ ಓಡುವ ಯಂತ್ರ

ಈಗ ಆ ಒಲೆಯಂಥ ಯಂತ್ರದ ಕಡೆಗೆ ಬರೋಣ. ನನ್ನ ಪ್ರಕಾರ ಚಿತ್ರದ ನಿಜವಾದ ಸಂಶೋಧಕ ಅದೇ. ನಾಣ್ಯ ಬಿದ್ದರೆ ಏಳುತ್ತದೆ, ಸಮಯ ಮುಗಿದರೆ ಕೈಯೆತ್ತಿದ ಭಂಗಿಯಲ್ಲಿಯೇ ನಿಂತುಬಿಡುತ್ತದೆ. ಎದ್ದಿರುವಷ್ಟು ಹೊತ್ತು ನಿಯಮ ಪಾಲನೆ, ತಪ್ಪು ಹುಡುಕುವುದು, ದಂಡ ಹಾಕುವುದು. ಅಂಕದ ನಾಣ್ಯ ಬಿದ್ದರೆ ಮಾತ್ರ ಅಲುಗಾಡುವ ಮಕ್ಕಳನ್ನು ನಾವು ತಯಾರು ಮಾಡುತ್ತಿಲ್ಲವೇ? ‘ಸಾರ್, ಇದು ಪರೀಕ್ಷೆಗೆ ಬರುತ್ತದೆಯೇ?’ ಎಂಬುದು ನಾಣ್ಯದ ಸದ್ದಲ್ಲದೆ ಮತ್ತೇನು? ಆದರೆ ಆ ಯಂತ್ರಕ್ಕೂ ಒಂದು ಚಿತ್ರಪುಟ ಆಸೆ ಹುಟ್ಟಿಸಿತು. ಅದು ಕೇಳಿದ್ದು ಸಿಗಲಿಲ್ಲ, ಭೂಮಿಗೆ ಹೋಗಲಾಗಲಿಲ್ಲ. ಕೈಯಲ್ಲಿ ಉಳಿದದ್ದು ತಗಡಿನ ಚೂರು. ಅದರಿಂದಲೇ ಬೇಕಾದದ್ದನ್ನು ಮಾಡಿಕೊಂಡು, ಇರುವ ನೆಲದಲ್ಲಿಯೇ ಜಾರಿತು. ಯಾವ ಕಿಟ್ಟೂ ಇರಲಿಲ್ಲ, ಸೂಚನಾಪುಸ್ತಕವೂ ಇರಲಿಲ್ಲ, ತೀರ್ಪುಗಾರರೂ ಇರಲಿಲ್ಲ. ಹಳ್ಳಿಯ ಶಾಲೆಯ ಬಡ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಯಾವ ಪಠ್ಯದಲ್ಲಿಯೂ ಕಂಡಿಲ್ಲ.

ಇದಕ್ಕೆ ಬದಲಾಗಿ ನಾವು ಮಾಡುತ್ತಿರುವುದೇನು? ಇಲ್ಲಿ ಬೈಗುಳ ನಿಮಗೂ ಇದೆ, ಬಂಧುಗಳೇ. ವಿಜ್ಞಾನ ಪ್ರದರ್ಶನದ ಹಿಂದಿನ ರಾತ್ರಿ ಥರ್ಮಾಕೋಲ್ ಹುಡುಕಿ ಅಂಗಡಿ ಅಂಗಡಿ ಸುತ್ತುವವರು ಮಕ್ಕಳಲ್ಲ, ನೀವು. ಸಿದ್ಧಪಡಿಸಿದ ಮಾದರಿಯನ್ನೇ ಕೊಂಡು ತರುವವರೂ ನೀವು. ನಾನು ತೀರ್ಪುಗಾರನಾಗಿ ಹೋದ ಕಡೆಯೆಲ್ಲ ಅದೇ ಅಡುಗೆಸೋಡ ಮತ್ತು ವಿನೆಗರಿನ ಜ್ವಾಲಾಮುಖಿ, ಅದೇ ಸಿರಿಂಜಿನ ಜೆಸಿಬಿ, ಅದೇ ಮಳೆನೀರು ಕೊಯ್ಲಿನ ಮನೆ. ಮಗು ಬಾಯಿಪಾಠ ಮಾಡಿದ ಇಂಗ್ಲಿಷನ್ನು ಒಪ್ಪಿಸುತ್ತದೆ. ‘ವಿನೆಗರಿಗೆ ಬದಲು ನಿಂಬೆರಸ ಹಾಕಿದರೆ ಏನಾಗುತ್ತದಮ್ಮಾ?’ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಮಗು ಅಮ್ಮನ ಮುಖ ನೋಡಿತು. ಅಮ್ಮ ನನ್ನ ಮುಖವನ್ನು ಸಿಟ್ಟಿನಿಂದ ನೋಡಿದರು. ಹಾಕಿ ನೋಡೋಣವೆಂದು ಯಾರಿಗೂ ತೋಚಲಿಲ್ಲ. ಹೊರಗೆ ಅಂಗಡಿಯಲ್ಲಿ ಎರಡು ನಿಂಬೆಹಣ್ಣು ಸಿಗುತ್ತಿರಲಿಲ್ಲವೇ?

ಫಲಿತಾಂಶ ಮೊದಲೇ ಗೊತ್ತಿರುವ ಪ್ರದರ್ಶನದಲ್ಲಿ ಸುಳ್ಳು ಒಂದೂ ಇರುವುದಿಲ್ಲ, ನಿಜ. ವಿಜ್ಞಾನವೂ ಇರುವುದಿಲ್ಲ. ವ್ಯಾಲೇಸನ ಚಂದ್ರನಲ್ಲಿ ಎಲ್ಲವೂ ಸುಳ್ಳು. ಆದರೆ ಅಲ್ಲಿ ಒಬ್ಬ ಕತ್ತರಿಸಿ ನೋಡುತ್ತಾನೆ. ಇವೆರಡರಲ್ಲಿ ಯಾವುದನ್ನು ಮಕ್ಕಳ ಮುಂದಿಡಬೇಕೆಂಬುದೇ ನನಗೂ ಸಮಿತಿಗೂ ಇರುವ ವ್ಯಾಜ್ಯ.

ನ್ಯಾಯವಾಗಿ ಒಂದು ಮಾತನ್ನು ಒಪ್ಪಬೇಕು. ಬತ್ತಿ, ಬೆಂಕಿ, ಸ್ಫೋಟಗಳನ್ನು ನೋಡಿ ಮಕ್ಕಳು ಮನೆಯಲ್ಲಿ ಅನಾಹುತ ಮಾಡಿಕೊಂಡಾರೆಂಬ ಭಯ ಸಮಿತಿಯಲ್ಲಿದ್ದ ಹಿರಿಯ ಶಿಕ್ಷಕಿಯೊಬ್ಬರಿಗಿತ್ತು. ಅದು ಸರಿಯಾದ ಭಯ. ಅದಕ್ಕೆ ಉತ್ತರ ಚಿತ್ರವನ್ನು ಬಚ್ಚಿಡುವುದಲ್ಲ, ತೋರಿಸುವಾಗ ಪಕ್ಕದಲ್ಲಿ ಮೇಷ್ಟ್ರು ಇರುವುದು. ಇಂಗ್ಲಿಷ್ ಅರ್ಥವಾಗುವುದಿಲ್ಲವೆಂದೂ ಒಬ್ಬರು ಹೇಳಿದರು. ಮಾತಾಡುವವನು ಒಬ್ಬನೇ, ಆಡುವುದೂ ಬೆರಳೆಣಿಕೆಯಷ್ಟು ವಾಕ್ಯ. ಕನ್ನಡದಲ್ಲಿ ಹೇಳಿಕೊಡಲು ಐದು ನಿಮಿಷ ಸಾಕು. ಅದನ್ನು ನಾನೇ ಬಂದು ಮಾಡುತ್ತೇನೆಂದೂ ತಿಳಿಸಿದ್ದೇನೆ.

ಇನ್ನೊಂದು ವಿಷಯ. ಇದೇ ವ್ಯಾಲೇಸ್ 2024ರಲ್ಲಿ ಬಂದ ದೀರ್ಘಚಿತ್ರದಲ್ಲಿ ತೋಟದ ಕೆಲಸವನ್ನೆಲ್ಲ ತಾನಾಗಿಯೇ ಮಾಡಿಬಿಡುವ ಚುರುಕು ಗೊಂಬೆಯೊಂದನ್ನು ನಿರ್ಮಿಸುತ್ತಾನೆ. ಗ್ರೋಮಿಟ್ ಪ್ರೀತಿಯಿಂದ ಬೆಳೆಸಿದ ತೋಟವನ್ನು ಅದು ಕ್ಷಣದಲ್ಲಿ ಕತ್ತರಿಸಿ ಅಚ್ಚುಕಟ್ಟು ಮಾಡಿ, ಅವನ ಸಂತೋಷವನ್ನೇ ಕಸಿದುಕೊಳ್ಳುತ್ತದೆ. ಕೇಳಿದ ಕೂಡಲೇ ಪ್ರಬಂಧ ಬರೆದುಕೊಡುವ, ಚಿತ್ರ ಬಿಡಿಸಿಕೊಡುವ ಯಂತ್ರಗಳು ಈಗ ನಿಮ್ಮ ಮಕ್ಕಳ ಕೈಯಲ್ಲಿವೆ. ಅವು ಬೇಡವೆನ್ನುವ ಮೂಢ ನಾನಲ್ಲ. ಆದರೆ ಗೊಂಬೆಯನ್ನು ಹದಿನಾರು ಸಾವಿರ ಸಲ ಮುಟ್ಟಿದ ಬೆರಳಿಗೆ ತಿಳಿದದ್ದು, ಹಾಗೆ ಮುಟ್ಟದ ಬೆರಳಿಗೆ ಎಂದೂ ತಿಳಿಯುವುದಿಲ್ಲ. ಕೈಯಿಂದ ಕಲಿಯುವ ವಯಸ್ಸು ಪ್ರೌಢಶಾಲೆಯ ವಯಸ್ಸು. ಅದನ್ನು ಕಳೆದುಕೊಂಡರೆ ಮತ್ತೆ ಬರುವುದಿಲ್ಲ.

ಆದುದರಿಂದ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಆ ಶಾಲೆಯ ಸಮಿತಿಯವರು ಇದನ್ನು ಓದುತ್ತಾರೆಂಬುದು ನನಗೆ ಗೊತ್ತು.

ಒಂದು: ಚಿತ್ರವನ್ನು ತೋರಿಸಿ. ಮುಗಿದ ಮೇಲೆ ಒಂದು ಹಾಳೆ ಕೊಟ್ಟು, ಇದರಲ್ಲಿರುವ ವಿಜ್ಞಾನದ ತಪ್ಪುಗಳನ್ನೆಲ್ಲ ಬರೆಯಲು ಹೇಳಿ. ಚಂದ್ರನ ಮೇಲೆ ಒದ್ದ ಚೆಂಡು ಮತ್ತೆ ಕೆಳಗೆ ಬರುವುದೇ ಇಲ್ಲ. ಅಲ್ಲಿ ಗುರುತ್ವ ನಮ್ಮ ಆರನೆಯ ಒಂದು ಭಾಗ ಮಾತ್ರವೆಂಬುದು ನಿಜ, ಹಾಗಾದರೆ ಚೆಂಡು ಬರಬೇಕೋ ಬಾರದೋ ಎಂದು ಕೇಳಿ. ಆ ಒಂದು ಗಂಟೆಯಲ್ಲಿ ಅವರು ಕಲಿಯುವ ಭೌತಶಾಸ್ತ್ರ ನನ್ನ ಒಂದು ವಾರದ ಪಾಠಕ್ಕಿಂತ ಹೆಚ್ಚು.

ಎರಡು: ವಾರಕ್ಕೆ ಒಂದು ಅವಧಿಯನ್ನು ಅಂಕವಿಲ್ಲದೆ, ಬಹುಮಾನವಿಲ್ಲದೆ, ಪ್ರಮಾಣಪತ್ರವಿಲ್ಲದೆ, ಏನನ್ನಾದರೂ ಮಾಡಲು ಬಿಡಿ. ಕೆಟ್ಟದಾಗಿ ಮಾಡಲಿ. ಕಪಾಟಿನಲ್ಲಿ ಬೀಗ ಹಾಕಿಟ್ಟ ಇಕ್ಕಳ, ಸ್ಕ್ರೂಡ್ರೈವರ್, ಸುತ್ತಿಗೆಗಳನ್ನು ಹೊರಗೆ ತೆಗೆಯಿರಿ. ದಾಸ್ತಾನು ಪುಸ್ತಕದಲ್ಲಿ ಹೊಳೆಯುತ್ತಿರುವ ಉಪಕರಣಗಳಿಗಿಂತ ಮಕ್ಕಳ ಕೈಯಲ್ಲಿ ಮುರಿದ ಉಪಕರಣಗಳಿರುವ ಶಾಲೆ ಒಳ್ಳೆಯ ಶಾಲೆ.

ಮೂರು, ಇದು ನನ್ನ ಹಳೆಯ ವಿದ್ಯಾರ್ಥಿಗಳಿಗೆ: ಈ ಸಲದ ಪ್ರದರ್ಶನಕ್ಕೆ ನಿಮ್ಮ ಮಗುವಿನ ಮಾದರಿಯನ್ನು ನೀವು ಮುಟ್ಟಬೇಡಿ. ಸೊಟ್ಟಗಿರಲಿ, ಸೋರಲಿ, ಮೇಲೇಳದಿರಲಿ. ಎಲ್ಲಿ ಕೆಟ್ಟಿತೆಂದು ಅದೇ ಹುಡುಕಲಿ. ಬಹುಶಃ ಹ್ಯಾಂಡ್‌ಬ್ರೇಕ್ ಬಿಡುವುದನ್ನು ಮರೆತಿರುತ್ತದೆ, ಅಷ್ಟೆ. ಅದು ಸಿಕ್ಕಿದ ಕ್ಷಣದಲ್ಲಿ ಮಗುವಿನ ಮುಖ ಹೇಗಿತ್ತೆಂದು ನನಗೆ ಎರಡು ಸಾಲು ಬರೆದು ತಿಳಿಸಿ. ಒಪ್ಪದವರು ಜಗಳಕ್ಕೂ ಬರಬಹುದು. ಮೇಷ್ಟ್ರೆಂಬ ಸಂಕೋಚ ಬೇಡ.